ಮೂರು ಬೋರ್‌ವೆಲ್, ಕೈಯಲ್ಲಿ 10,000 ರೂಪಾಯಿ: ಮೊದಲು ಯಾವುದರ ರಿಪೇರಿ?

ಒಂದೇ ಬೋರಿನ ಮೋಟರ್ ಮತ್ತೆ ಮತ್ತೆ ಸುಡುತ್ತಿದೆ ಅಂದರೆ ತೊಂದರೆ ಬಹುಶಃ ಸ್ಟಾರ್ಟರ್ ಪ್ಯಾನಲ್‌ನದ್ದು. ಒಂದು ಫೇಸ್ ಹೋದಾಗ ಮೋಟರ್ ಉಳಿದ ಎರಡರಿಂದಲೇ ಜಾಸ್ತಿ ಕರೆಂಟ್ ಎಳೆದು ವೈಂಡಿಂಗ್ (ಮೋಟರಿನ ಒಳಗಿನ ತಂತಿ ಸುರುಳಿ) ಸುಡುತ್ತದೆ.

ದುಡ್ಡನ್ನು ಮೂರಕ್ಕೂ ಹಂಚಬೇಡಿ. ಬೇಸಿಗೆಯಲ್ಲೂ ನೀರು ಕೊಡುವ, ನಿಮ್ಮ ಅಡಿಕೆ ತೋಟ ನಂಬಿಕೊಂಡಿರುವ ಬೋರಿಗೆ ಮೊದಲ ಪಾಲು. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಲಿ ಪ್ಯಾನಲ್‌ನಲ್ಲಿ ಸಡಿಲವಾದ ವೈರ್ ತುದಿಗಳನ್ನು ಬಿಗಿ ಮಾಡಿಸಿ, ಸುಟ್ಟ ಕಾಂಟ್ಯಾಕ್ಟ್ ಬದಲಾಯಿಸಿ. ಆಮೇಲೆ ಒಂದು ಫೇಸ್ ಹೋದರೆ ಮೋಟರ್ ಆಫ್ ಮಾಡುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸಿ. ಜಾಸ್ತಿ ಕರೆಂಟ್ ಎಳೆದಾಗ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ಸೆಟ್ಟಿಂಗ್ ಮೋಟರಿನ ಆಂಪಿಯರ್‌ಗೆ ಸರಿಯಾಗಿರಲಿ. ಟ್ರಿಪ್ ಆಗುತ್ತದೆ ಅಂತ ಆ ಸೆಟ್ಟಿಂಗನ್ನು ಸುಮ್ನೆ ಏರಿಸಬೇಡಿ, ನಮ್ಮ ಮೋಟರ್ ಸುಟ್ಟಿದ್ದೇ ಹಾಗೆ.

ಮೋಟರ್ ಎತ್ತಿಸುವ ಮುಂಚೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಚ್ಚಿಸಿ ನೋಡಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಕೇಬಲ್ ಜಾಯಿಂಟ್ ಅಥವಾ ವೈಂಡಿಂಗ್ ಹಾಳಾಗಿರಬಹುದು. ಯಾವುದು ಅಂತ ಎತ್ತಿದ ಮೇಲೆಯೇ ಗೊತ್ತಾಗುವುದು. ನೀರು ಕಮ್ಮಿಯಿರುವ ಮೂರನೇ ಬೋರನ್ನು ಮಳೆಗಾಲದವರೆಗೆ ಮುಟ್ಟಬೇಡಿ.