ಶಟ್‌ಡೌನ್ ಒತ್ತಿದ ಮಾತ್ರಕ್ಕೆ ಕಂಪ್ಯೂಟರ್ ಆಫ್ ಆಗಿದೆ ಅಂದುಕೊಳ್ಳಬೇಡಿ

ಸ್ಕ್ಯಾನಿಂಗ್ ಮಷಿನ್, ಡಿಜಿಟಲ್ ಎಕ್ಸ್‌ರೇ, ಲ್ಯಾಬಿನ ಅನಲೈಜರ್ ಇವುಗಳ ಕಂಪ್ಯೂಟರ್ ಬಗ್ಗೆ ಬರುವ ಪ್ರಶ್ನೆಗಳು ಸುತ್ತಿ ಬಳಸಿ ಎರಡೇ ಜಾಗಕ್ಕೆ ಬಂದು ನಿಲ್ಲುತ್ತವೆ: ಬೇಗ ಆನ್ ಆಗಬೇಕು, ವಿಂಡೋಸ್ ಪಕ್ಕದಲ್ಲಿ ಲಿನಕ್ಸೂ ಇರಬೇಕು. ಎರಡೂ ಒಟ್ಟಿಗೆ ಬೇಕೆಂದವರ ಗತಿ ಏನಾಗುತ್ತದೆ ಎಂಬುದು ಮೊದಲ ಪ್ರಶ್ನೆಯಲ್ಲೇ ಇದೆ. ಪಾರ್ಟಿಷನ್ ಎಂದರೇನು, ಬಯೋಸ್ ಒಳಗೆ ಹೋಗುವುದು ಹೇಗೆ ಎಂದೆಲ್ಲ ಇಲ್ಲಿ ವಿವರಿಸುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಕಂಪ್ಯೂಟರ್‌ಗಳ ಸೆಟ್ಟಿಂಗ್‌ಗೆ ಕೈ ಹಾಕದಿರುವುದೇ ಕ್ಷೇಮ.

ಪ್ರಶ್ನೆ: ನಮ್ಮ ಸೆಂಟರಿನ ಎಕ್ಸ್‌ರೇ ಕನ್ಸೋಲ್ ಪಿಸಿಯಲ್ಲಿ ವಿಂಡೋಸ್ 10 ಇದೆ. ಸಂಜೆ ಅದನ್ನೇ ಉಬುಂಟು ಲಿನಕ್ಸ್‌ನಲ್ಲಿ ಬೂಟ್ ಮಾಡಿ, ಡಿ ಡ್ರೈವ್‌ನಲ್ಲಿರುವ ಇಮೇಜ್‌ಗಳನ್ನು ರೋಗಿಗಳ ಹೆಸರಿನ ಫೋಲ್ಡರ್‌ಗಳಿಗೆ ವಿಂಗಡಿಸುತ್ತೇವೆ. ಕೆಲವು ದಿನ ಡ್ರೈವ್ ‘ರೀಡ್ ಓನ್ಲಿ’ ಎನ್ನುತ್ತಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕ ಕಮಾಂಡ್ ಹಾಕಿ ಸರಿ ಮಾಡಿಕೊಂಡೆವು. ಈಗ ವಿಂಡೋಸ್‌ನಲ್ಲಿ ನೋಡಿದರೆ ಕೆಲವು ಫೋಲ್ಡರ್ ಮಾಯ, ಕೆಲವು ತೆರೆಯುವುದೇ ಇಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿದೆಯೇ, ವೈರಸ್ಸೇ?

ಉತ್ತರ: ಎರಡೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ನೀವು ಸಂಜೆ ಉಬುಂಟು ಹಾಕುವಾಗ ವಿಂಡೋಸ್ ಪೂರ್ತಿ ಮುಚ್ಚಿರಲಿಲ್ಲ, ಅಷ್ಟೇ.

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟ್‌ಅಪ್’ ಎಂಬ ಏರ್ಪಾಡು ಇದೆ. ಶಟ್‌ಡೌನ್ ಒತ್ತಿದಾಗ ನಿಮ್ಮ ಲಾಗಿನ್ ಮತ್ತು ತೆರೆದ ಪ್ರೋಗ್ರಾಂಗಳು ಮಾತ್ರ ಮುಚ್ಚುತ್ತವೆ. ವಿಂಡೋಸ್‌ನ ತಿರುಳಾದ ಕರ್ನಲ್, ಡ್ರೈವರ್‌ಗಳು, ಡಿಸ್ಕಿನ ಯಾವ ಜಾಗದಲ್ಲಿ ಯಾವ ಫೈಲ್ ಇದೆ ಎಂಬ ಮಾಹಿತಿ, ಇವೆಲ್ಲ ಮೆಮೊರಿಯಲ್ಲಿ ಹೇಗಿದ್ದವೋ ಹಾಗೆಯೇ ಸಿ ಡ್ರೈವ್‌ನ ಹೈಬರ್ನೇಷನ್ ಫೈಲ್‌ಗೆ ಇಳಿಯುತ್ತವೆ. ಮರುದಿನ ಆನ್ ಮಾಡಿದಾಗ ವಿಂಡೋಸ್ ಹೊಸದಾಗಿ ಏಳುವುದಿಲ್ಲ, ಆ ಫೈಲನ್ನೇ ಮೆಮೊರಿಗೆ ಎತ್ತಿಕೊಳ್ಳುತ್ತದೆ. ಅಂಗಡಿಯ ಶಟರ್ ಎಳೆದು, ಒಳಗೆ ಲೆಕ್ಕದ ಪುಸ್ತಕವನ್ನು ಅರ್ಧ ಬರೆದು ತೆರೆದಿಟ್ಟು ಹೋದ ಹಾಗೆ. ರಾತ್ರಿ ಉಬುಂಟು ಒಳಗೆ ಬಂದು ಸರಕನ್ನು ಅದಲುಬದಲು ಮಾಡುತ್ತದೆ. ಬೆಳಿಗ್ಗೆ ವಿಂಡೋಸ್ ಬಂದು ನಿನ್ನೆಯ ಪುಸ್ತಕವನ್ನೇ ನಂಬಿ ಮುಂದಕ್ಕೆ ಬರೆಯುತ್ತದೆ. ಖಾಲಿ ಇದೆ ಎಂದು ಅದು ತಿಳಿದ ಜಾಗದಲ್ಲಿ ಉಬುಂಟು ಇಟ್ಟ ಫೈಲ್ ಇದ್ದರೆ ಆ ಫೈಲ್ ಹೋಯಿತು.

ಲಿನಕ್ಸ್ ಇದನ್ನು ಗುರುತಿಸಿಯೇ ನಿಮ್ಮ ಡ್ರೈವನ್ನು ‘ರೀಡ್ ಓನ್ಲಿ’ ಮಾಡಿತ್ತು. ‘ವಿಂಡೋಸ್ ಹೈಬರ್ನೇಟ್ ಆಗಿದೆ’, ‘ಮೆಟಾಡೇಟಾ ವಿಂಡೋಸ್‌ನ ಕ್ಯಾಶ್‌ನಲ್ಲಿದೆ’ ಎಂಬ ಸಂದೇಶವನ್ನೂ ಕೊಟ್ಟಿರುತ್ತದೆ. ಅದು ದೋಷವಲ್ಲ, ರಕ್ಷಣೆ. ನೀವು ಹಾಕಿದ ಕಮಾಂಡ್ ಒಂದೋ ಹೈಬರ್ನೇಷನ್ ಫೈಲನ್ನು ಅಳಿಸಿ ಮೌಂಟ್ ಮಾಡುವಂಥದ್ದು, ಇಲ್ಲವೇ ಎನ್‌ಟಿಎಫ್‌ಎಸ್‌ಫಿಕ್ಸ್. ಮೊದಲನೆಯದು ವಿಂಡೋಸ್ ಇನ್ನೂ ಡಿಸ್ಕಿಗೆ ಬರೆಯಬೇಕಿದ್ದುದನ್ನು ಕಸದ ಬುಟ್ಟಿಗೆ ಹಾಕುತ್ತದೆ. ಎರಡನೆಯದು ಕೆಲವು ದೋಷಗಳನ್ನಷ್ಟೇ ತಿದ್ದಿ, ಮುಂದೆ ವಿಂಡೋಸ್ ಏಳುವಾಗ ಪರೀಕ್ಷೆ ನಡೆಯಲಿ ಎಂದು ಗುರುತು ಹಾಕುತ್ತದೆಯೇ ಹೊರತು ಡಿಸ್ಕನ್ನು ಪೂರ್ತಿ ಪರೀಕ್ಷಿಸುವುದಿಲ್ಲ. ಅದು ವಿಂಡೋಸ್‌ನ ಡಿಸ್ಕ್ ಪರೀಕ್ಷೆಯಾದ ಚೆಕ್‌ಡಿಸ್ಕ್‌ಗೆ ಬದಲಿ ಅಲ್ಲ. ಈ ಕಮಾಂಡ್‌ಗಳನ್ನು ರೋಗಿಗಳ ಇಮೇಜ್ ಇರುವ ಡಿಸ್ಕಿಗೆ ಹಾಕಿ ಎಂದು ಧಾರಾಳವಾಗಿ ಸಲಹೆ ಕೊಡುವ ಯೂಟ್ಯೂಬ್ ಪಂಡಿತರು ನಿಮ್ಮ ರೋಗಿಗೆ ಉತ್ತರ ಹೇಳಲು ಬರುವುದಿಲ್ಲ.

ಈಗ ಮಾಡಬೇಕಾದದ್ದು. ಆ ಡಿಸ್ಕಿಗೆ ಇನ್ನೊಂದು ಅಕ್ಷರವನ್ನೂ ಬರೆಯಬೇಡಿ. ವಿಂಡೋಸ್ ಏಳುವಾಗ ತಾನಾಗಿ ಚೆಕ್‌ಡಿಸ್ಕ್ ಶುರುವಾದರೆ, ಎಣಿಕೆ ಮುಗಿಯುವುದರೊಳಗೆ ಯಾವುದಾದರೂ ಕೀ ಒತ್ತಿ ನಿಲ್ಲಿಸಿ. ಕಂಪನಿಯ ಸರ್ವಿಸ್ ಎಂಜಿನಿಯರ್ ಎದುರಿನಲ್ಲೇ ಡಿಸ್ಕ್ ಬಿಚ್ಚಿ, ಬೇರೆ ಪಿಸಿಗೆ ಸಿಕ್ಕಿಸಿ, ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ಉಪಕರಣದಿಂದ ಪೂರ್ತಿ ನಕಲು ತೆಗೆಯಿರಿ, ಎಲ್ಲೆಲ್ಲಿ ಓದಲಾಯಿತು ಎಂದು ದಾಖಲಿಸುವ ಮ್ಯಾಪ್ ಫೈಲ್ ಸಮೇತ. ಯಾವುದು ಮೂಲ, ಯಾವುದು ನಕಲು ಎಂದು ಸೀರಿಯಲ್ ನಂಬರ್ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಎಂಟರ್ ಒತ್ತಿ. ಇಲ್ಲಿ ಹಿಂದುಮುಂದಾದರೆ ಮತ್ತೆ ಯಾರೂ ಏನೂ ಮಾಡಲಾಗದು. ಚೆಕ್‌ಡಿಸ್ಕ್ ಓಡಿಸುವುದು ನಕಲಿನ ಮೇಲೆ ಮಾತ್ರ. ಅದು ಹೆಸರು ಕಳೆದುಕೊಂಡ ತುಣುಕುಗಳನ್ನು ‘ಫೌಂಡ್’ ಎಂಬ ಫೋಲ್ಡರಿಗೆ ಹಾಕುತ್ತದೆ. ಹೆಸರು ಹೋದರೂ ಡೈಕಾಮ್ (ವೈದ್ಯಕೀಯ ಚಿತ್ರಗಳ ಸಾಮಾನ್ಯ ಮಾದರಿ) ಫೈಲನ್ನು ಗುರುತಿಸಬಹುದು: ಮೊದಲ 128 ಬೈಟ್ ಬಿಟ್ಟರೆ ಮುಂದಿನ 4 ಬೈಟ್‌ಗಳಲ್ಲಿ ಡಿ, ಐ, ಸಿ, ಎಂ ಎಂಬ ಅಕ್ಷರಗಳಿರುತ್ತವೆ. ಡಿಸಿಎಂಟಿಕೆ ಎಂಬ ಡೈಕಾಮ್ ತಂತ್ರಾಂಶದ ಡಿಸಿಎಂಡಂಪ್ ಉಪಕರಣಕ್ಕೆ ಕೊಟ್ಟರೆ ರೋಗಿಯ ಹೆಸರು, ಐಡಿ, ಪರೀಕ್ಷೆಯ ದಿನಾಂಕ ಫೈಲಿನ ಒಳಗಿನಿಂದಲೇ ಸಿಗುತ್ತವೆ. ತೆರೆದುಕೊಂಡಿತೆಂದು ನಂಬಬೇಡಿ, ಚಿತ್ರ ಕೊನೆಯ ಸಾಲಿನವರೆಗೆ ಇದೆಯೇ ನೋಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ನಿಮ್ಮ ‘ಮಾಯ’ದ ಅರ್ಧ ಕಾರಣ ಅದೇ ಇರಬಹುದು. ಕನ್ಸೋಲ್ ಸಾಫ್ಟ್‌ವೇರ್ ಇಮೇಜ್ ಎಲ್ಲಿದೆ ಎಂದು ತನ್ನ ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆ ಫೋಲ್ಡರಿನಿಂದ ಫೈಲನ್ನು ನೀವು ಕೈಯಾರೆ ಎತ್ತಿ ಬೇರೆಡೆ ಇಟ್ಟರೆ, ಲಿನಕ್ಸ್ ಇರಲಿ ವಿಂಡೋಸ್ ಇರಲಿ, ಕನ್ಸೋಲಿನ ಪಟ್ಟಿಯಲ್ಲಿ ರೋಗಿ ಕಾಣುತ್ತಾನೆ, ಚಿತ್ರ ಕಾಣುವುದಿಲ್ಲ. ಇಮೇಜ್ ಹೊರಗೆ ಬರಬೇಕಾದ ದಾರಿ ಒಂದೇ: ಡೈಕಾಮ್ ಸೆಂಡ್ ಅಥವಾ ಎಕ್ಸ್‌ಪೋರ್ಟ್.

ಫಾಸ್ಟ್ ಸ್ಟಾರ್ಟ್‌ಅಪ್ ತೆಗೆಯಲು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕೆಂಬ ಪುಟ ತೆರೆದು, ಮಸುಕಾಗಿರುವ ಸೆಟ್ಟಿಂಗ್‌ಗಳನ್ನು ಬದಲಿಸುವ ಕೊಂಡಿ ಒತ್ತಿ, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟ್‌ಅಪ್’ ಟಿಕ್ ತೆಗೆಯಿರಿ. ಹೈಬರ್ನೇಷನ್ನೇ ಬೇಡವಾದರೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’. ಆ ದೊಡ್ಡ ಫೈಲೂ ಹೋಗುತ್ತದೆ. ಒಂದೇ ಒಂದು ಸಲ ಪೂರ್ತಿ ಆಫ್ ಮಾಡಬೇಕಿದ್ದರೆ ಶಿಫ್ಟ್ ಕೀ ಹಿಡಿದುಕೊಂಡೇ ಶಟ್‌ಡೌನ್ ಒತ್ತಿ. ರೀಸ್ಟಾರ್ಟ್ ಯಾವಾಗಲೂ ಪೂರ್ತಿ ಮುಚ್ಚಿಯೇ ಏಳುತ್ತದೆ. ನಿಜವಾಗಿ ಆಫ್ ಆಗಿತ್ತೇ ಎಂದು ನೋಡಲು ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ಕರ್ನಲ್ ಬೂಟ್‌ನ 27ನೇ ಇವೆಂಟ್ ಹುಡುಕಿ. ಬೂಟ್ ಟೈಪ್ ‘0’ ಆದರೆ ಪೂರ್ತಿ ಬೂಟ್, ‘1’ ಆದರೆ ಫಾಸ್ಟ್ ಸ್ಟಾರ್ಟ್‌ಅಪ್, ‘2’ ಆದರೆ ಹೈಬರ್ನೇಷನ್‌ನಿಂದ ಎದ್ದದ್ದು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಇದನ್ನು ಮತ್ತೆ ನೋಡಿ. ಇಷ್ಟು ಸಣ್ಣ ಬದಲಾವಣೆಯನ್ನೂ ಕಂಪನಿಗೆ ತಿಳಿಸಿ, ಸರ್ವಿಸ್ ಪುಸ್ತಕದಲ್ಲಿ ಬರೆಸಿಯೇ ಮಾಡಿ.

ಟಿಕ್ ತೆಗೆದರೆ ಡ್ಯುಯಲ್ ಬೂಟ್ ಮುಂದುವರಿಸಬಹುದಲ್ಲ ಎಂದು ಕೇಳುತ್ತೀರಿ. ಕನ್ಸೋಲ್ ಪಿಸಿಯಲ್ಲಿ ಬೇಡ. ಗಡಿಯಾರದ ಕಾಟ ಹಾಗೆಯೇ ಉಳಿದಿರುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣ ಸಮಯ) ಇದೆ ಎಂದು ಲಿನಕ್ಸ್ ತಿಳಿಯುತ್ತದೆ. ಲೈವ್ ಪೆನ್‌ಡ್ರೈವ್‌ನಿಂದ ಉಬುಂಟು ಎಬ್ಬಿಸಿ ನೆಟ್ ಕೊಟ್ಟರೂ ಸಾಕು, ಅದು ಸಮಯ ಸರಿಮಾಡಿಕೊಂಡು ಯುಟಿಸಿಯನ್ನೇ ಗಡಿಯಾರಕ್ಕೆ ಬರೆಯುತ್ತದೆ. ಮುಂದೆ ವಿಂಡೋಸ್ ಎದ್ದರೆ ಸಮಯ 5 ಗಂಟೆ 30 ನಿಮಿಷ ಹಿಂದೆ. ಮನೆಯ ಪಿಸಿ ಇಂಟರ್ನೆಟ್ ನೋಡಿ ತಿದ್ದಿಕೊಳ್ಳುತ್ತದೆ. ಇಂಟರ್ನೆಟ್ ಇಲ್ಲದ ಕನ್ಸೋಲ್ ತಿದ್ದಿಕೊಳ್ಳುವುದಿಲ್ಲ. ರಾತ್ರಿ 2 ಗಂಟೆಗೆ ಅಪಘಾತದ ಗಾಯಾಳುವಿಗೆ ತೆಗೆದ ಎಕ್ಸ್‌ರೇ ಹಿಂದಿನ ದಿನ ರಾತ್ರಿ 8:30ರದ್ದು ಎಂದು ದಾಖಲಾಗುತ್ತದೆ. ಪೊಲೀಸ್ ಕೇಸಿನಲ್ಲಿ ಅದನ್ನು ವಿವರಿಸಿ ನೋಡಿ. ಗರ್ಭಿಣಿಯರ ಸ್ಕ್ಯಾನಿಂಗ್ ಮಷಿನ್ ಆದರೆ ಚಿತ್ರದ ಮೇಲಿನ ದಿನಾಂಕಕ್ಕೂ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ನಿಷೇಧ) ಕಾಯ್ದೆಯ ಫಾರ್ಮ್ ಎಫ್‌ಗೂ ತಾಳೆಯಾಗದಿದ್ದರೆ ತಪಾಸಣೆಗೆ ಬಂದವರು ಯುಟಿಸಿಯ ಕಥೆ ಕೇಳುತ್ತಾ ಕೂರುವುದಿಲ್ಲ. ‘ಇವತ್ತಿನ’ ವರ್ಕ್‌ಲಿಸ್ಟ್ (ಪರೀಕ್ಷೆಗೆ ಬರಬೇಕಾದ ರೋಗಿಗಳ ಪಟ್ಟಿ) ಖಾಲಿ ಬರುತ್ತಿದ್ದರೂ ಮೊದಲು ಮಷಿನ್ನಿನ ದಿನಾಂಕ ನೋಡಿ.

ಲಿನಕ್ಸ್ ಬೇಕೇ ಬೇಕಾದರೆ ಹಳೆಯ ಪಿಸಿಯೊಂದಕ್ಕೆ ಅದನ್ನು ಪೂರ್ತಿಯಾಗಿ ಹಾಕಿ, ಡೈಕಾಮ್ ಚಿತ್ರಗಳನ್ನು ಪಡೆದು ಇಟ್ಟುಕೊಳ್ಳುವ ಆರ್ಥಾಂಕ್ ಸರ್ವರ್ ಕೂರಿಸಿ. ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ ಅದು, ದುಡ್ಡು ಕೊಡಬೇಕಿಲ್ಲ. ಕನ್ಸೋಲಿನ ಡೈಕಾಮ್ ಸೆಟ್ಟಿಂಗ್‌ನಲ್ಲಿ ಆ ಪಿಸಿಯ ಐಪಿ ವಿಳಾಸ, ಪೋರ್ಟ್ 4242, ಎಇ ಟೈಟಲ್ (ಜಾಲದಲ್ಲಿ ಸರ್ವರಿನ ಡೈಕಾಮ್ ಹೆಸರು) ಈ ಮೂರನ್ನು ಕೊಟ್ಟು, ಮೊದಲು ಎಕೋ (ಸಂಪರ್ಕ ಪರೀಕ್ಷೆ) ಕಳಿಸಿ ಉತ್ತರ ಬಂತೇ ನೋಡಿ, ಆಮೇಲೆ ಒಂದು ಟೆಸ್ಟ್ ಇಮೇಜ್ ಕಳಿಸಿ. ಡೈಕಾಮ್‌ಗೆ ರೂಢಿಯ ಪೋರ್ಟ್ 104 ಕೊಟ್ಟು ‘ಕನೆಕ್ಟ್ ಆಗುತ್ತಿಲ್ಲ’ ಎಂದು ಬರೆಯಬೇಡಿ. ಆರ್ಥಾಂಕ್ ತಾನಾಗಿ ಕೇಳಿಸಿಕೊಳ್ಳುವುದು 4242ರಲ್ಲಿ. ವಿಂಗಡಣೆ, ಬ್ಯಾಕಪ್, ಎಲ್ಲ ಪ್ರಯೋಗವೂ ಆ ಪಿಸಿಯಲ್ಲೇ ನಡೆಯಲಿ.

ಪ್ರಶ್ನೆ: ಅಲ್ಟ್ರಾಸೌಂಡ್ ಮಷಿನ್ ಏಳಲು ಮೂರು ನಾಲ್ಕು ನಿಮಿಷ ಬೇಕು. ಫಾಸ್ಟ್ ಸ್ಟಾರ್ಟ್‌ಅಪ್ ಹಾಕಿದರೆ ಬೇಗ ಆಗುವುದಿಲ್ಲವೇ?

ಉತ್ತರ: ಹೆಚ್ಚೇನೂ ಆಗದು. ಆ ಹೊತ್ತಿನಲ್ಲಿ ವಿಂಡೋಸ್‌ನ ಪಾಲು ಸ್ವಲ್ಪ. ಉಳಿದದ್ದು ಬೋರ್ಡ್‌ಗಳ ಸ್ವಯಂಪರೀಕ್ಷೆ, ಪ್ರೋಬ್ ಗುರುತಿಸುವುದು, ರೋಗಿಗಳ ಡೇಟಾಬೇಸ್ ತೆರೆಯುವುದು. ಫಾಸ್ಟ್ ಸ್ಟಾರ್ಟ್‌ಅಪ್ ಇವನ್ನು ಮುಟ್ಟುವುದೇ ಇಲ್ಲ. ಡೇಟಾಬೇಸಿನಲ್ಲಿ ವರ್ಷಗಟ್ಟಲೆ ಚಿತ್ರ ತುಂಬಿಕೊಂಡಿದ್ದರೆ ಸರ್ವರಿಗೆ ಕಳಿಸಿ, ತಲುಪಿದ್ದನ್ನು ತಾಳೆ ನೋಡಿ, ಮಷಿನ್ನಿನ ಮೆನುವಿನಿಂದಲೇ ಅಳಿಸಿ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಲು ಕಂಪನಿಯನ್ನು ಕೇಳಿ, ಬೀದಿಯ ಅಂಗಡಿಯನ್ನಲ್ಲ.

ಫಾಸ್ಟ್ ಸ್ಟಾರ್ಟ್‌ಅಪ್‌ಗೆ ಇನ್ನೊಂದು ಚಾಳಿಯಿದೆ. ಡ್ರೈವರ್‌ಗಳು ಹೊಸದಾಗಿ ಶುರುವಾಗುವುದಿಲ್ಲವಾದ್ದರಿಂದ ಕ್ಯಾಪ್ಚರ್ ಕಾರ್ಡ್, ಲೈಸೆನ್ಸ್ ಡಾಂಗಲ್, ಅನಲೈಜರಿನ ಸೀರಿಯಲ್ ಪೋರ್ಟ್ ಕೆಲವೊಮ್ಮೆ ಬೆಳಿಗ್ಗೆ ‘ಸಿಗುತ್ತಿಲ್ಲ’ ಎನ್ನುತ್ತವೆ. ಆಫ್ ಮಾಡಿ ಆನ್ ಮಾಡಿದರೆ ಹೋಗದ ತೊಂದರೆ ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ ಎಂದಾದರೆ ಇದೇ ಕಾರಣ ಎಂದು ಮೊದಲು ಶಂಕಿಸಿ. ಕೇಬಲ್ ಬದಲಿಸಲು ದುಡ್ಡು ಸುರಿಯಬೇಡಿ.

ಪ್ರಶ್ನೆ: ಪೆನ್‌ಡ್ರೈವ್‌ನಿಂದ ಬೂಟ್ ಮಾಡಲೆಂದು ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ತೆಗೆದೆ. ಈಗ ವಿಂಡೋಸ್ 48 ಅಂಕಿಯ ಕೀ ಕೇಳುತ್ತಿದೆ.

ಉತ್ತರ: ಅದು ಬಿಟ್‌ಲಾಕರ್, ವಿಂಡೋಸ್ ಡಿಸ್ಕಿಗೆ ಹಾಕುವ ಗೂಢಲಿಪಿಯ ಬೀಗ. ಸೆಕ್ಯೂರ್ ಬೂಟ್ ಮತ್ತೆ ಮೊದಲಿನಂತೆ ಮಾಡಿ ನೋಡಿ, ಹೆಚ್ಚಿನ ಸಲ ಕೇಳುವುದು ನಿಲ್ಲುತ್ತದೆ. ನಿಲ್ಲದಿದ್ದರೆ ಕೀ ಕಂಪನಿಯ ಬಳಿ ಅಥವಾ ವಿಂಡೋಸ್ ಹಾಕಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕೀ ಇಲ್ಲದೆ ತೆಗೆದುಕೊಡುತ್ತೇನೆ ಎನ್ನುವವನು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಕೊಡುತ್ತಾನೆ, ಅಷ್ಟೇ.

ಪ್ರಶ್ನೆ: ರಿಜಿಸ್ಟ್ರಿ ಕ್ಲೀನರ್, ಪಿಸಿ ಬೂಸ್ಟರ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ.

ಪ್ರಶ್ನೆ: ಮದರ್‌ಬೋರ್ಡಿನ ಸೀಮಾಸ್ ಬ್ಯಾಟರಿ ಬಿಚ್ಚಿ ಹಾಕಿದರೆ ಬೂಟ್ ಚುರುಕಾಗುತ್ತದಂತೆ?

ಉತ್ತರ: ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿ, ಡಿಸ್ಕ್ ಕಂಟ್ರೋಲರಿನ ಮೋಡ್ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಬ್ಯಾಟರಿ ಮುಗಿದಿದ್ದರೆ ಮಾತ್ರ ಬದಲಿಸಿ, ಅದೂ ಪ್ರತಿಯೊಂದು ಸೆಟ್ಟಿಂಗ್ ಪುಟದ ಫೋಟೋ ತೆಗೆದಿಟ್ಟುಕೊಂಡು.

ಪ್ರಶ್ನೆ: ವಿಂಡೋಸ್ 10ಕ್ಕೆ ಬೆಂಬಲ ನಿಂತಿತಲ್ಲ, ಮಷಿನ್ನಿಗೆ ನಾವೇ ವಿಂಡೋಸ್ 11 ಹಾಕಬಹುದೇ?

ಉತ್ತರ: ಬೇಡ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಸಾಮಾನ್ಯ ಆವೃತ್ತಿಗಳಿಗೆ. ಅನೇಕ ಮಷಿನ್‌ಗಳಲ್ಲಿರುವುದು ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ, ಉಪಕರಣಗಳಿಗೆಂದೇ ದೀರ್ಘಕಾಲ ಬೆಂಬಲ ಸಿಗುವ ವಿಂಡೋಸ್. ಅದರ 2021ರ ಆವೃತ್ತಿಗೆ 2032ರ ಜನವರಿಯವರೆಗೆ ಅಪ್‌ಡೇಟ್ ಇದೆ. ನಿಮ್ಮದು ಯಾವುದೆಂದು ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ: ಶಟ್‌ಡೌನ್ ಕೊಟ್ಟು ಪರದೆ ಕಪ್ಪಾದ ಕೂಡಲೇ ಯುಪಿಎಸ್ ಆಫ್ ಮಾಡಬಹುದೇ?

ಉತ್ತರ: ಕೂಡದು. ಪರದೆ ಕಪ್ಪಾದ ಮೇಲೂ ಡಿಸ್ಕಿಗೆ ಬರೆಯುವ ಕೆಲಸ ನಡೆದಿರಬಹುದು, ಫಾಸ್ಟ್ ಸ್ಟಾರ್ಟ್‌ಅಪ್ ಇದ್ದರೆ ಹೈಬರ್ನೇಷನ್ ಫೈಲ್ ಬರೆಯುತ್ತಿರುವುದೂ ಆಗಲೇ. ಫ್ಯಾನ್ ನಿಂತು, ಪವರ್ ದೀಪ ಆರಿದ ಮೇಲೆ ಯುಪಿಎಸ್ ಮುಟ್ಟಿ. ಸಂಜೆ ಬೀಗ ಹಾಕುವ ಆಯಾಗೆ ಇದನ್ನು ನೀವೇ ತೋರಿಸಿಕೊಡಿ. ಸ್ವಿಚ್ ಒತ್ತುವವರು ಅವರು.