ಸಾಫ್ಟ್‌ವೇರ್ ಬಂದಮೇಲೆ ಮುಂಬೈಯಲ್ಲಿ ಬಾಡಿಗೆ ಕರಾರಿಗೆ ವಕೀಲರು ಬೇಡವಾ?

ಮಾಮೂಲಿ ಕರಾರಿಗೆ ಬೇಡ. ಆದರೆ ಷರತ್ತುಗಳ ಬಗ್ಗೆ ತಕರಾರು ಇದ್ದರೆ ಖಂಡಿತ ಬೇಕು.

ಎಷ್ಟೋ ಕಾನೂನುಗಳು 'ಹೀಗಿದ್ದರೆ ಹೀಗೆ' ಅನ್ನೋ ಥರ ಇರುತ್ತವೆ. ಅವನ್ನು ಪ್ರಶ್ನೆ, ಲೆಕ್ಕಗಳಾಗಿ ಬಿಡಿಸಿ ಕಂಪ್ಯೂಟರಿಗೆ ಕೂರಿಸುವವರೇ ಲೀಗಲ್ ಎಂಜಿನಿಯರ್‌ಗಳು.

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮನೆ ಹಿಡಿಯುವ ನಮ್ಮ ಕನ್ನಡದವರನ್ನೇ ನೋಡಿ. ಮಹಾರಾಷ್ಟ್ರದಲ್ಲಿ 'ಲೀವ್ ಅಂಡ್ ಲೈಸೆನ್ಸ್', ಅಂದರೆ ನಮ್ಮ ಬಾಡಿಗೆ ಪತ್ರ, ನೋಂದಣಿ ಆಗಲೇಬೇಕು. ಆ ಹೊಣೆ ಮಾಲೀಕರದು. ಈಗ ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲೇ ಆಗುತ್ತದೆ. ತಿಂಗಳಿಗೆ 32,500 ಬಾಡಿಗೆ, 1 ಲಕ್ಷ ಡಿಪಾಸಿಟ್, 12 ತಿಂಗಳು ಅಂತ ತುಂಬಿ, ಸ್ಟಾಂಪ್ ಡ್ಯೂಟಿ ಲೆಕ್ಕ ಸಾಫ್ಟ್‌ವೇರೇ ಹಾಕುತ್ತದೆ. ವರ್ಷದ ಬಾಡಿಗೆ 3,90,000. ಡಿಪಾಸಿಟ್‌ಗೆ ಶೇ. 10 ಬಡ್ಡಿ ಅಂತ ಇನ್ನೊಂದು 10,000 ಸೇರುತ್ತದೆ (ಇದು ಜಾಸ್ತಿ ಜನಕ್ಕೆ ಗೊತ್ತೇ ಇರಲ್ಲ). ಒಟ್ಟು 4 ಲಕ್ಷದ ಶೇ. 0.25, ಅಂದರೆ 1,000 ರೂಪಾಯಿ ಸ್ಟಾಂಪ್ ಡ್ಯೂಟಿ. ನೋಂದಣಿ ಶುಲ್ಕ ಬೇರೆ. ಏಜೆಂಟ್ ಪುಟ್ಟ ಯಂತ್ರ ತಂದು ಮನೆಯಲ್ಲೇ ಆಧಾರ್ ಬೆರಳಚ್ಚು ತಗೊಳ್ತಾರೆ.

ಆದರೆ ಮನೆ ಬಿಡುವಾಗ ಪೇಂಟಿಂಗ್ ಖರ್ಚು ಅಂತ ಡಿಪಾಸಿಟ್ ಮುರಿದುಕೊಂಡರೆ? ಸಿದ್ಧ ಫಾರಂ ನಿಮ್ಮ ಪರವಾಗಿ ವಾದಿಸಲ್ಲ, ಅಲ್ವಾ? ಅಂಥ ಷರತ್ತನ್ನು ಬೆರಳೊತ್ತುವ ಮುಂಚೆಯೇ ವಕೀಲರಿಗೆ ತೋರಿಸಿ.