ಬೀಟೆ ಮರದ ಹಳೆಯ ಜೋಡಿ ಆಸನ

ಪ್ರಶ್ನೆ: ಇಬ್ಬರು ಕೂರುವ, ಬೆತ್ತ ಹೆಣೆದ ಹಳೆಯ ಬೀಟೆ ಮರದ ಆಸನವೊಂದು ಮಾರಾಟಕ್ಕಿದೆ. ಕೊಳ್ಳುವಾಗ ಏನನ್ನು ಗಮನಿಸಬೇಕು? ನಡುಮನೆಯಲ್ಲಿ ಹೇಗೆ ಇಟ್ಟರೆ ಚೆನ್ನ?

ಉತ್ತರ: ಮೊದಲು ಆಸನವನ್ನು ಮಗುಚಿ ಅಡಿಭಾಗವನ್ನು ನೋಡಿರಿ, ಸಾಮಾನ್ಯವಾಗಿ ಪಾಲಿಶ್ ಕಾಣದ ಆ ಜಾಗದಲ್ಲಿ ಮರದ ನಿಜಬಣ್ಣವೂ, ಕೂಡುಗಳನ್ನು ಮರದ ಗೂಟದಿಂದ ಬಿಗಿದಿದ್ದಾರೆಯೇ ಅಥವಾ ಈಚೆಗೆ ಮೊಳೆ ಹೊಡೆದಿದ್ದಾರೆಯೇ ಎಂಬುದೂ ತಿಳಿಯುತ್ತದೆ. ಸಣ್ಣ ತೂತುಗಳಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ಮೆಲ್ಲನೆ ತಟ್ಟಿರಿ: ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಒಳಗೆ ಹುಳುವಿರುವ ಸಾಧ್ಯತೆ ಹೆಚ್ಚು, ಅಂಥದ್ದನ್ನು ಮನೆಗೆ ತರಬೇಡಿರಿ. ಬೆತ್ತ ಹರಿದಿದ್ದರೆ ಚಿಂತೆಯಿಲ್ಲ, ಮತ್ತೆ ಹೆಣೆಸಬಹುದು.

ನೇರ ಬಿಸಿಲು ಬೀಳದ ಗೋಡೆಯ ಬದಿಗಿಟ್ಟು, ಇಳಕಲ್ ಬಟ್ಟೆಯ ತೆಳು ದಿಂಬೊಂದನ್ನಷ್ಟೇ ಇಡಿರಿ. ದಪ್ಪ ಹಾಸಿನಡಿ ಹೆಣಿಗೆಯ ಚೆಲುವು ಮರೆಯಾಗುತ್ತದೆ. ಎಷ್ಟೋ ಕೈಗಳಾಡಿ ನುಣುಪಾದ ಹಿಡಿಕೆಗಳನ್ನು ಮಾತ್ರ ಮರಳುಕಾಗದದಿಂದ ಉಜ್ಜಿಸಬೇಡಿರಿ.